ಮುಖಂಡನಿಗೆ ಮುದ್ರೆ ಒತ್ತುವವರು ಯಾರು?

ತಮ್ಮಾ, ಮೊನ್ನೆ ಕಟ್ಟೆಯ ಮೇಲೆ ಕೂತು ನೀವು ಹುಡುಗರು ಆಡಿದ ಮಾತು ನನಗೂ ಕೇಳಿಸಿತು. 'ಎಲ್ಲ ಸಮಾಜಕ್ಕೂ ಒಬ್ಬ ನಾಯಕ ಇದ್ದಾನೆ, ನಮ್ಮ ದಲಿತ ಕೇರಿಗೊಬ್ಬನಿಲ್ಲ. ಒಬ್ಬರನ್ನು ಮುಖಂಡ ಅಂತ ಘೋಷಿಸಿಬಿಡೋಣ, ಆಗ ಹರಪನಹಳ್ಳಿ ಕಚೇರಿಯಲ್ಲಿ ನಮ್ಮ ಮಾತಿಗೆ ಬೆಲೆ ಬರುತ್ತದೆ' ಅಂದಿರಿ. ಹೊಟ್ಟೆಯ ಸಂಕಟದಿಂದ ಬಂದ ಮಾತು ಅದು, ನಾನು ತಳ್ಳಿಹಾಕುವುದಿಲ್ಲ. ಆದರೆ ಘೋಷಿಸುವ ಮುಂಚೆ ಒಂದು ಯೋಚನೆ ಮಾಡು: ಅವನಿಗೆ ಮುಖಂಡನೆಂಬ ಮುದ್ರೆ ಒತ್ತುವವರು ಯಾರು? ಕೇರಿಯವರೋ, ಕುರ್ಚಿಯ ಮೇಲೆ ಕೂತವರೋ?

ನಮ್ಮ ಪರವಾಗಿ ಮಾತಾಡುವವರು ಯಾರು ಎಂಬ ಈ ಜಗಳ ನಿಮ್ಮಿಂದ ಶುರುವಾದದ್ದಲ್ಲ. 1931ರಲ್ಲಿ ಲಂಡನ್ನಿನ ಎರಡನೇ ದುಂಡುಮೇಜಿನ ಪರಿಷತ್ತಿನಲ್ಲಿ ಅಸ್ಪೃಶ್ಯರ ಪರವಾಗಿ ಮಾತಾಡುವವನು ನಾನೇ ಎಂದು ಗಾಂಧೀಜಿ ಹೇಳಿದರು. ಅಂಬೇಡ್ಕರ್ ಒಪ್ಪಲಿಲ್ಲ. ಮರುವರ್ಷ ಮದರಾಸಿನ ದಲಿತ ನಾಯಕ ಎಂ.ಸಿ. ರಾಜಾ ಅವರು ಹಿಂದೂ ಮಹಾಸಭೆಯ ಮೂಂಜೆಯವರ ಜತೆ ಬೇರೆಯೇ ಒಪ್ಪಂದ ಮಾಡಿಕೊಂಡರು. ಕೊನೆಗೆ 1932ರ ಸೆಪ್ಟೆಂಬರ್ 24ರಂದು ಅಂಬೇಡ್ಕರ್ ಮತ್ತು ಸವರ್ಣ ಹಿಂದೂ ಮುಖಂಡರ ನಡುವೆ ಪುಣೆ ಒಪ್ಪಂದಕ್ಕೆ ಸಹಿ ಬಿತ್ತು. ಪ್ರಾಂತೀಯ ಸಭೆಗಳಲ್ಲಿ 148 ಮೀಸಲು ಸ್ಥಾನ ಬಂದವು, ನಮ್ಮವರನ್ನು ನಮ್ಮವರೇ ಆರಿಸುವ ಪ್ರತ್ಯೇಕ ಮತಕ್ಷೇತ್ರ ಹೋಯಿತು. ಅಂದಿನಿಂದ ಮೀಸಲು ಕ್ಷೇತ್ರದಲ್ಲಿ ನಿಲ್ಲುವವರು ನಮ್ಮವರು, ಗೆಲ್ಲಿಸುವವರು ಎಲ್ಲ ಜಾತಿಯವರು.

ನಮ್ಮೂರನ್ನೇ ನೋಡು. ಉಚ್ಚಂಗಿದುರ್ಗಕ್ಕೆ ತಾಲ್ಲೂಕು ಹರಪನಹಳ್ಳಿ, ಜಿಲ್ಲೆ ವಿಜಯನಗರ, ಓಟಿಗೆ ಮಾತ್ರ ಜಗಳೂರು. ಆ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿ ಗೆದ್ದವರು ಇಡೀ ಕ್ಷೇತ್ರಕ್ಕೆ ಉತ್ತರ ಕೊಡಬೇಕಾದವರು. ಅವರನ್ನು ರಸ್ತೆ ಕೇಳು, ಹಾಸ್ಟೆಲು ಕೇಳು, ಗಟ್ಟಿಯಾಗಿ ಕೇಳು. ನಮ್ಮ ಸಮಾಜದ ನಾಯಕನ ಕೆಲಸವನ್ನೂ ನೀವೇ ಮಾಡಿ ಅಂದರೆ ಅದು ಅವರಿಂದ ಆಗುವುದಿಲ್ಲ.

ನಾಯಕನಿಗೆ ಹೊರಗಿನವರು ಮುದ್ರೆ ಒತ್ತಿದ್ದು ಅಮೆರಿಕದ ಕಪ್ಪು ಜನರಲ್ಲೂ ಆಯಿತು. 1895ರ ಅಟ್ಲಾಂಟಾ ಭಾಷಣದ ನಂತರ ಬುಕರ್ ಟಿ. ವಾಷಿಂಗ್ಟನ್ ಅವರನ್ನು ಬಿಳಿಯ ಧನಿಕರು, ಅಧಿಕಾರಸ್ಥರು 'ಇವರೇ ನಿಮ್ಮ ನಾಯಕ' ಎಂದು ಒಪ್ಪಿಕೊಂಡರು. ಅವರು ಕಟ್ಟಿದ ಶಾಲೆ ದೊಡ್ಡದೇ. ಆದರೆ ಯಾವ ಶಾಲೆಗೆ ದೇಣಿಗೆ, ಯಾರಿಗೆ ನೌಕರಿ ಎಂಬುದೆಲ್ಲ ಅವರೊಬ್ಬರ ಬಾಗಿಲಿಗೆ ಬಂದು ನಿಂತಿತು. 1903ರಲ್ಲಿ ಕಪ್ಪು ಜನರವರೇ ಆದ ಲೇಖಕ ಡುಬಾಯ್ಸ್ ಅದನ್ನು ಎದುರಿಸಿ ಬರೆಯಬೇಕಾಯಿತು.

ನಮ್ಮ ನಾಡಿನ ಕಥೆ ಇದಕ್ಕಿಂತ ಬೇರೆ, ಅದನ್ನು ನೀವು ಹುಡುಗರು ತಿಳಿದಿರಲೇಬೇಕು. ದೇವರಾಜ ಅರಸರ ಸಂಪುಟದಲ್ಲಿ ನಮ್ಮವರೇ ಆದ ಬಿ. ಬಸವಲಿಂಗಪ್ಪ ಇದ್ದರು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ ಅವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದುಬಿಟ್ಟರು. ಊರೂರಲ್ಲಿ ಗಲಾಟೆ ಎದ್ದಿತು, ದಲಿತ ಹುಡುಗರಿಗೆ ಏಟು ಬಿತ್ತು, ಮಂತ್ರಿ ಸ್ಥಾನ ಹೋಯಿತು. ಒಬ್ಬ ನಾಯಕನ ಮೇಲೇ ಎಲ್ಲ ನಿಂತಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಏಟು ತಿಂದ ಆ ಹುಡುಗರೇ ಒಟ್ಟಾದರು. ನಮ್ಮ ಪಕ್ಕದ ಹರಿಹರದಲ್ಲಿ 1938ರಲ್ಲಿ ಹುಟ್ಟಿ, ಭದ್ರಾವತಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ, ಜತೆಗೆ ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂತಾದವರು ಸೇರಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಹಾಡು, ಅಧ್ಯಯನ ಶಿಬಿರ, ಭೂಮಿಯ ಹೋರಾಟ. ಕೇರಿಯಲ್ಲಿ ಅಕ್ಷರ ಬಲ್ಲ ಒಬ್ಬ ಹುಡುಗನಿದ್ದರೆ ಸಾಕು, ಅಲ್ಲೊಂದು ಶಾಖೆ. ಅದರ ಬಲವೆಲ್ಲ ಹಾಗೆ ಹರಡಿಕೊಂಡದ್ದರಲ್ಲಿತ್ತು. ಮುಂದೆ ಯಾವ ಪಕ್ಷಕ್ಕೆ ಬೆಂಬಲ, ಯಾರು ಮುಂದಾಳು ಎಂಬ ಮಾತು ಬಂದಾಗ ಬಣಗಳಾದವು, ಒಂದೊಂದು ಬಣಕ್ಕೆ ಒಬ್ಬೊಬ್ಬರ ಹೆಸರು ಬಂತು. ನನಗೆ ಇವತ್ತಿಗೂ ಕರುಳು ಹಿಂಡುವ ಸಂಗತಿ ಅದು.

ನೀನು ಎತ್ತಿದ ಒಂದು ಮಾತಿಗೆ ಮಾತ್ರ ನಾನು ತಲೆಬಾಗಲೇಬೇಕು. ಅಲೆಮಾರಿಗಳದ್ದು. 2025ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 59 ಸಣ್ಣ ಅಲೆಮಾರಿ ಸಮುದಾಯಗಳಿಗೆ ಶೇ 1ರಷ್ಟು ಪ್ರತ್ಯೇಕ ಮೀಸಲಾತಿ ಹೇಳಿತ್ತು. ಸರ್ಕಾರ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಮೂರು ಗುಂಪಿಗೆ ಶೇ 6, 6, 5 ಎಂದು ಹಂಚಿ, ಅವರನ್ನು ಲಂಬಾಣಿ, ಭೋವಿಗಳಿರುವ 5ರ ಗುಂಪಿಗೆ ಸೇರಿಸಿತು. ಒಳಗೆ ಕೂತು ಅವರ ಪರ ಹಟ ಹಿಡಿಯುವವರು ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದು ನೀನು ಕೇಳಿದ್ದು ಸರಿ. ದನಿ ಬೇಕು, ಇಲ್ಲದಿದ್ದರೆ ಪಾಲು ಹೋಗುತ್ತದೆ. ಆದರೆ ಇನ್ನೊಂದನ್ನೂ ಜತೆಗಿಟ್ಟು ನೋಡು. ಒಳಮೀಸಲಾತಿಯ ಪರಿಶೀಲನೆಗೆ ಸದಾಶಿವ ಆಯೋಗ ರಚನೆಯಾದದ್ದು 2005ರಲ್ಲಿ, ವರದಿ ಬಂದದ್ದು 2012ರಲ್ಲಿ. ಆಮೇಲೂ ಒಳಮೀಸಲಾತಿಗೆ 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. ಆ ವರ್ಷಗಳಲ್ಲೆಲ್ಲ ನಮ್ಮವರು ಶಾಸಕರಾಗಿದ್ದರು, ಮಂತ್ರಿಗಳಾಗಿದ್ದರು. ಆ ಬೇಡಿಕೆಯನ್ನು ಸಾಯದಂತೆ ಉಳಿಸಿಕೊಂಡು ಬಂದವರು ತಮಟೆ ಹಿಡಿದು ಬೀದಿಯಲ್ಲಿ ನಿಂತ ಜನ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ 101 ಜಾತಿಗಳಿವೆ. ಅಷ್ಟೂ ಜನರ ಬಾಯಿ ಒಬ್ಬನೇ ಆಗುತ್ತಾನೆ ಎಂದು ನಾನಂತೂ ನಂಬುವುದಿಲ್ಲ.

ನಮ್ಮ ಗುಡ್ಡದ ಮೇಲಿನ ಅಮ್ಮನ ಸನ್ನಿಧಿಯ ವಿಷಯ ನಿನಗೆ ಹೇಳಬೇಕಾಗಿಲ್ಲ. ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು 1982ರ ಕಾಯ್ದೆ ಅಪರಾಧವೆಂದಿತು. ಕಾಯ್ದೆ ಬಂದ ಮೇಲೂ ನಡೆದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46,660 ದೇವದಾಸಿ ತಾಯಂದಿರ ಲೆಕ್ಕ ಸಿಕ್ಕಿತು. ಪಿಂಚಣಿಗಾಗಿ, ಮನೆಗಾಗಿ, ಮಕ್ಕಳ ಅರ್ಜಿಯಲ್ಲಿ ತಂದೆಯ ಹೆಸರಿನ ಖಾನೆಯ ಅವಮಾನ ತಪ್ಪಿಸುವುದಕ್ಕಾಗಿ ಸಂಘ ಕಟ್ಟಿ ಧರಣಿ ಕೂತವರು ಆ ತಾಯಂದಿರು ಮತ್ತು ಅವರ ಮಕ್ಕಳೇ. ಅವರ ಸಂಕಟ ನಮ್ಮ ಯಾವ ಮುಖಂಡನ ಭಾಷಣದಲ್ಲಿ ಮೊದಲ ಸಾಲಾಗಿತ್ತು, ಹೇಳು?

ನಮ್ಮ ಕೇರಿಯಲ್ಲಿ ಒಬ್ಬ ಹೆಣ್ಣುಮಗಳು ಕಾಯಕ ಬಂಧು, ಅಂದರೆ ಕೂಲಿ ಗುಂಪಿನ ಮೇಟಿ ಆಗಿ ಕೆಲಸ ಮಾಡಿದ್ದನ್ನು ನೀನು ನೋಡಿದ್ದೀ. ಉದ್ಯೋಗ ಖಾತ್ರಿ ಕೆಲಸಕ್ಕೆ ನಮೂನೆ 6 ತುಂಬಿಸಿ, ಪಂಚಾಯ್ತಿಗೆ ಕೊಟ್ಟು, 'ಸ್ವೀಕೃತಿ ಕೊಡ್ರಿ ಸಾರ್, ತಾರೀಕು ಬರೀರಿ, ಸೀಲು ಹಾಕ್ರಿ' ಅಂತ ನಿಂತೇ ಇರುತ್ತಿದ್ದಳು. ಆ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡುತ್ತಿದ್ದಳು. ಹದಿನೈದು ದಿನದಲ್ಲಿ ಕೆಲಸ ಕೊಡಲೇಬೇಕೆಂಬ ಕಾನೂನನ್ನು ಅಕ್ಷರ ಕಲಿತ ನಿಮಗಿಂತ ಅವಳು ಚೆನ್ನಾಗಿ ಬಲ್ಲಳು. ರಾತ್ರಿ ಬಂದು ಯಾರ ಹೆಸರು ಬಂತು, ಯಾರದು ಬಿಟ್ಟಿತು, ಎಲ್ಲರೆದುರು ಹೇಳುತ್ತಿದ್ದಳು. ನನ್ನ ಕಣ್ಣಿಗೆ ನಾಯಕತ್ವ ಅಂದರೆ ಅದು.

ಹಾಗಾಗಿ ನನ್ನ ಮಾತು ಇಷ್ಟು. ಒಬ್ಬನಿಗೆ ಎಲ್ಲವನ್ನೂ ಬರೆದುಕೊಡಬೇಡಿ. ಹಾಸ್ಟೆಲ್ ಸೀಟಿಗೆ ಇಬ್ಬರು, ಸ್ಮಶಾನದ ಜಾಗಕ್ಕೆ ಇಬ್ಬರು, ಪಿಂಚಣಿಗೆ ಇಬ್ಬರು ಹೀಗೆ ಆರಿಸಿ ಕಳಿಸಿ. ಸಾಹೇಬರ ಕೋಣೆಗೆ ಯಾರೂ ಒಬ್ಬರೇ ಹೋಗದಿರಲಿ. ಹೋಗಿ ಬಂದವರು ಏನು ಕೇಳಿದೆವು, ಏನು ಒಪ್ಪಿದೆವು ಎಂದು ಅಂದೇ ಕೇರಿಯ ಮುಂದೆ ಹೇಳಲಿ. ಸರಿಬರದಿದ್ದರೆ ಬದಲಿಸುವ ಅಧಿಕಾರ ಕೇರಿಯ ಕೈಯಲ್ಲೇ ಇರಲಿ. ಮುಂದಿನ ಸಭೆಗೆ ಆ ಹೆಣ್ಣುಮಗಳನ್ನೂ ಪಿಂಚಣಿಯ ತಾಯಂದಿರನ್ನೂ ನೀನೇ ಮನೆಗೆ ಹೋಗಿ ಕರೆ. ಸಭೆಯನ್ನು ರಾತ್ರಿ ಎಂಟರ ಮೇಲೆ ಇಟ್ಟುಕೊಳ್ಳಿ, ಅದಕ್ಕಿಂತ ಮುಂಚೆ ಅವರ ಅಡುಗೆ ಕೆಲಸ ಮುಗಿದಿರುವುದಿಲ್ಲ.