ಹಲವು ನಾಡಿನ ಗೋದಲಿ, ಒಬ್ಬನೇ ಕಂದ



ಆಗಮನ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಗೋದಲಿಯ ಸಿದ್ಧತೆ ಆರಂಭವಾಗುತ್ತದೆ. ಕೆಲವರಿಗೆ ಒಂದು ಗೋದಲಿ ಸಾಲದು. ದೇಶದೇಶಗಳ ಗೋದಲಿಗಳನ್ನು ಕೂಡಿಡುವುದು ಅವರ ಹವ್ಯಾಸ. ಅಮೆರಿಕದ ಒಹಾಯೊ ರಾಜ್ಯದಲ್ಲಿರುವ ಡೇಟನ್ ಕಥೋಲಿಕ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ 3,000ಕ್ಕೂ ಹೆಚ್ಚು ಗೋದಲಿಗಳಿವೆ. ಇದು ಬರೀ ಗೊಂಬೆಗಳ ಸಂಗ್ರಹವೇ? ಇಲ್ಲವೇ ನಮ್ಮ ವಿಶ್ವಾಸಕ್ಕೆ ಇದರಲ್ಲಿ ಪಾಠವುಂಟೇ?

ಮೊದಲು ಮೂಲವನ್ನು ನೋಡೋಣ. 1223ರ ಕ್ರಿಸ್ತಜಯಂತಿಯ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯೊಂದನ್ನು ಇರಿಸಿ, ಪಕ್ಕದಲ್ಲಿ ಎತ್ತು ಮತ್ತು ಕತ್ತೆಯನ್ನು ನಿಲ್ಲಿಸಿದರು. ಅಲ್ಲಿ ಪ್ರತಿಮೆಗಳಿರಲಿಲ್ಲ. ಗೋದಲಿಯ ಮೇಲೆಯೇ ದಿವ್ಯ ಬಲಿಪೂಜೆ ನಡೆಯಿತು. ಪಶುಗಳ ಮೇವಿನ ತೊಟ್ಟಿಯಲ್ಲಿ ಮಲಗಿದವನೇ ನಮಗೆ ಆಹಾರವಾಗುತ್ತಾನೆ ಎಂಬುದನ್ನು ಜನ ಕಣ್ಣಾರೆ ಕಂಡರು.

ಅಲ್ಲಿಂದ ಗೋದಲಿ ನಾಡುನಾಡಿಗೆ ಹೋಯಿತು. ಹೋದಲ್ಲೆಲ್ಲ ಆಯಾ ಊರಿನ ವೇಷ ತೊಟ್ಟಿತು. ನೇಪಲ್ಸಿನ ಗೋದಲಿಯಲ್ಲಿ ಹಣ್ಣು ಮಾರುವವರೂ ಹೋಟೆಲಿನ ಗದ್ದಲವೂ ಇವೆ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಚರ್ಚುಗಳು ಮುಚ್ಚಿದಾಗ ಪ್ರೊವಾನ್ಸ್ ಸೀಮೆಯ ಜನ ಮನೆಯೊಳಗೇ ಪುಟ್ಟ ಗೋದಲಿ ಕಟ್ಟಿದರು. ಅಲ್ಲಿನ ಮಣ್ಣಿನ ಗೊಂಬೆಗಳಿಗೆ ‘ಸಾಂತೋ’ ಎಂದರೆ ಪುಟ್ಟ ಸಂತ ಎಂದು ಹೆಸರು. ಆದರೆ ಅವರೆಲ್ಲ ಹಿಟ್ಟಿನ ಗಿರಣಿಯವ, ಮೀನು ಮಾರುವಾಕೆ, ಚೂರಿ ಸಾಣೆ ಹಿಡಿಯುವವ! ಪೋಲೆಂಡಿನ ಕ್ರಾಕೋವ್ ನಗರದ ಗೋದಲಿ ಬಣ್ಣದ ಹಾಳೆ ಹೊದ್ದ ಎತ್ತರದ ಗೋಪುರ. 2018ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪೆರು ದೇಶದ ಅಯಾಕುಚೊದಲ್ಲಿ ಬಾಗಿಲುಳ್ಳ ಮರದ ಪೆಟ್ಟಿಗೆಯೊಳಗೆ ಬಾಲಯೇಸು ಮಲಗಿದ್ದಾನೆ; ಸುತ್ತ ನಿಂತವರು ಆಂಡಿಸ್ ಬೆಟ್ಟದ ಉಡುಗೆ ತೊಟ್ಟಿದ್ದಾರೆ.

ಇದು ಸರಿಯೇ ಎಂದು ನೀವು ಕೇಳಬಹುದು. ಯೇಸು ಹುಟ್ಟಿದ್ದು ಬೆತ್ಲೆಹೇಮಿನಲ್ಲಿ, ಯೆಹೂದ್ಯ ತಾಯಿಯ ಮಡಿಲಲ್ಲಿ. ಈ ಸತ್ಯವನ್ನು ಯಾವ ಗೊಂಬೆಯೂ ಅಳಿಸಲಾಗದು. ಆದರೆ ಆತ ನಿಜವಾಗಿ ಮನುಷ್ಯನಾದ ಕಾರಣ ಪ್ರತಿಯೊಂದು ಜನಾಂಗವೂ ‘ಈತ ನಮ್ಮವನು’ ಎನ್ನಬಲ್ಲದು. ಒಂದು ಗೋದಲಿ ಹೇಳುವ ಮಾತು ಇಷ್ಟು. ಅದರ ಪಕ್ಕದಲ್ಲಿ ಇನ್ನೊಂದು ನಾಡಿನ ಗೋದಲಿಯನ್ನಿಟ್ಟು ನೋಡಿರಿ. ಅದು ಮೆಲ್ಲನೆ ‘ನಿಮ್ಮವನು ಮಾತ್ರ ಅಲ್ಲ’ ಎನ್ನುತ್ತದೆ. ಸಂಗ್ರಹದ ನಿಜವಾದ ಪಾಠ ಈ ಎರಡನೆಯ ಮಾತಿನಲ್ಲಿದೆ.

ಮೊದಲನೆಯ ಮಾತನ್ನು ನಾವು ಸುಲಭವಾಗಿ ಕಲಿಯುತ್ತೇವೆ; ಎರಡನೆಯದು ಕಷ್ಟ. ಪೆರುವಿನ ಗೋದಲಿಯನ್ನು ಗಾಜಿನ ಕಪಾಟಿನಲ್ಲಿಟ್ಟು ಮೆಚ್ಚುವ ನಾವು, ಕೆಲಸ ಹುಡುಕಿ ಬಂದ ಬೇರೆ ಭಾಷೆಯ ಕುಟುಂಬಕ್ಕೆ ಚರ್ಚಿನ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡುತ್ತೇವೆಯೇ? ಛತ್ರದಲ್ಲಿ ಸ್ಥಳ ಸಿಗದವನ ಹಬ್ಬವನ್ನು ಆಚರಿಸುವವರು ನಾವು.

ತಂದೆತಾಯಿಯರೇ, ದುಬಾರಿ ಗೋದಲಿ ಕೊಳ್ಳಬೇಕಿಲ್ಲ. ಹಳೆಯ ಕ್ರಿಸ್ಮಸ್ ಕಾರ್ಡುಗಳಲ್ಲಿರುವ ಬೇರೆ ಬೇರೆ ದೇಶಗಳ ಗೋದಲಿ ಚಿತ್ರಗಳನ್ನು ಮಕ್ಕಳು ಕೂಡಿಡಲಿ. ದಿನಕ್ಕೊಂದು ಚಿತ್ರ ತೆಗೆದು, ಆ ನಾಡಿನ ಜನರಿಗಾಗಿ ಮನೆಮಂದಿಯೆಲ್ಲ ಒಂದು ‘ನಮೋ ಮರಿಯ’ ಪ್ರಾರ್ಥನೆ ಹೇಳಿರಿ. ಹಬ್ಬದ ದಿನ ನಿಮ್ಮೂರಿಗೆ ಹೊಸದಾಗಿ ಬಂದ ಒಂದು ಕುಟುಂಬವನ್ನು ಊಟಕ್ಕೆ ಕರೆಯಿರಿ.