ಪುಟ್ಟ ಮಕ್ಕಳ ಹೊರಾಂಗಣ ಆಟ

ಮಗುವಿಗೆ ಹಾಲು, ಅನ್ನ, ಲಸಿಕೆಗಳನ್ನು ತಪ್ಪದೆ ಕೊಡಿಸುವ ತಾಯ್ತಂದೆಯರೂ ಅದರ ಆಟವನ್ನು ಬರಿಯ ಕಾಲಹರಣವೆಂದು ಭಾವಿಸುವುದುಂಟು. ಇದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಸೂಚನೆಗಳ ಮೇರೆಗೆ, ಒಂದರಿಂದ ನಾಲ್ಕು ವರ್ಷದ ಮಗುವು ದಿನದಲ್ಲಿ ಕನಿಷ್ಠ 180 ನಿಮಿಷ ಮೈಯಾಡಿಸಿಕೊಂಡಿರಬೇಕು. ಮೂರು ತುಂಬಿದ ಮೇಲೆ ಅದರಲ್ಲಿ 60 ನಿಮಿಷವಾದರೂ ಚುರುಕಾದ ಓಟದಾಟವಿರಬೇಕು.

ಮಂಗಳೂರಿನ ಹಂಚಿನ ಮನೆಗಳಲ್ಲಿ ಇದಕ್ಕೆ ಬೇರೆ ಏರ್ಪಾಡು ಬೇಕಿರಲಿಲ್ಲ. ಅಂಗಳವೂ ಹಿತ್ತಿಲೂ ಇದ್ದುವು. ಕದ್ರಿ, ಬಿಜೈ, ಕಂಕನಾಡಿಗಳಲ್ಲಿ ಬಹುಮಹಡಿ ಕಟ್ಟಡಗಳೆದ್ದ ಬಳಿಕ ಐದನೆಯ ಮಹಡಿಯ ಮಗು ಮಣ್ಣು ಮುಟ್ಟುವುದೇ ಅಪರೂಪವಾಗಿ, ಅದರ ಕೈಗೆ ಮೊಬೈಲ್ ಬಂದಿದೆ. ಇದರ ಪರಿಣಾಮ ಕಣ್ಣಿನ ಮೇಲೂ ಆಗುತ್ತದೆ. ಚೀನದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಡಲಾಯಿತು. ಮೂರು ವರ್ಷಗಳಲ್ಲಿ ಅವರ ಪೈಕಿ ಶೇಕಡ 30.4 ಮಂದಿಗೆ ಸಮೀಪದೃಷ್ಟಿ ದೋಷ ಬಂದರೆ, ಎಂದಿನಂತೆ ನಡೆದ ಶಾಲೆಗಳಲ್ಲಿ ಶೇಕಡ 39.5 ಮಂದಿಗೆ ಬಂದಿತೆಂದು 2015ರಲ್ಲಿ ವರದಿಯಾಯಿತು.

ಆದುದರಿಂದ ಬಿಸಿಲೇರುವ ಮುನ್ನ ಅಥವಾ ಇಳಿದ ಮೇಲೆ ಮಗುವನ್ನು ನಿತ್ಯವೂ ಹೊರಗೆ ಕರೆದೊಯ್ಯಿರಿ. ಕದ್ರಿ ಉದ್ಯಾನವಾದೀತು, ರಜಾದಿನಗಳಲ್ಲಿ ಪಿಲಿಕುಳವೋ ಪಣಂಬೂರಿನ ಮರಳೋ ಆದೀತು. ಆಟದ ಸಾಮಾನು ಕೊಳ್ಳಬೇಕಾಗಿಲ್ಲ. ತೆಂಗಿನ ಗೆರಟೆಯಲ್ಲಿ ನೀರು ಹೊರುವುದು, ಹಲಸಿನೆಲೆ ಹೆಕ್ಕುವುದು, ಅಡಿಕೆ ಹಾಳೆಯ ಮೇಲೆ ಕುಳ್ಳಿರಿಸಿ ಎಳೆಯುವುದು, ಇವೆಲ್ಲವೂ ಕೈಕಾಲುಗಳಿಗೂ ಬುದ್ಧಿಗೂ ಒಳ್ಳೆಯ ಕೆಲಸ. ಹಿರಿಯರು ಹತ್ತಿರ ಕುಳಿತು ನೋಡುತ್ತಿದ್ದರೆ ಸಾಕು. ಮಾತುಮಾತಿಗೂ ತಿದ್ದುವುದು ಆಟವನ್ನು ಕೆಡಿಸುತ್ತದೆ.

ಮಳೆಯ ಹನಿ ಬಿದ್ದರೆ ಶೀತವಾಗುವುದೆಂದು ಅಜ್ಜಿಯಂದಿರು ಗದರುವುದುಂಟು. ಶೀತವು ಒಬ್ಬರಿಂದ ಒಬ್ಬರಿಗೆ ಅಂಟುವ ವೈರಾಣುಗಳಿಂದ ಬರುತ್ತದೆ. ಭಯಪಡಬೇಕಾದದ್ದು ಬೇರೆಯೇ ಇದೆ. ಮಳೆಗಾಲದಲ್ಲಿ ನಿಂತ ಕೊಳಕು ನೀರಿನಿಂದ ಇಲಿಜ್ವರ ಹರಡಬಹುದು. ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕವೇ ಒಳಸೇರುತ್ತದೆ. ಆದುದರಿಂದ ಮಲಿನವಾದ ಸ್ಥಳಗಳಲ್ಲಿ ಆಡಿಸದಿರಿ, ಚಪ್ಪಲಿ ತೊಡಿಸಿರಿ, ಆಟ ಮುಗಿದೊಡನೆ ಸಾಬೂನಿನಿಂದ ಕೈತೊಳೆಸಿರಿ. ಡೆಂಗ್ಯೂ ಸೊಳ್ಳೆಯು ಹಗಲಿನಲ್ಲಿಯೇ ಕಚ್ಚುವುದರಿಂದ ತುಂಬುತೋಳಿನ ಉಡುಪು ಹಾಕಿರಿ. ತೆರೆದ ಬಾವಿಯ ಬಳಿಯಲ್ಲಾಗಲಿ ಕಡಲ ತೆರೆಗಳ ಅಂಚಿನಲ್ಲಾಗಲಿ ಮಗುವಿನ ಕೈಯನ್ನು ಕ್ಷಣವೂ ಬಿಡಬಾರದು.

ಗುಲಗಂಜಿ ಮತ್ತು ಹರಳಿನ ಬೀಜಗಳು ಮಕ್ಕಳ ಕಣ್ಣಿಗೆ ಚೆಂದ. ಅಗಿದು ನುಂಗಿದರೆ ಪ್ರಾಣಾಂತಕ. ಕಣಗಿಲೆಯೂ ವಿಷವೇ. ಮಗುವು ಇವುಗಳಲ್ಲಿ ಯಾವುದನ್ನಾದರೂ ಬಾಯಿಗೆ ಹಾಕಿಕೊಂಡರೆ, ವಾಂತಿ ಮಾಡಿಸಲು ಯತ್ನಿಸದೆ, ಲಕ್ಷಣಗಳಿಗೂ ಕಾಯದೆ, ಉಳಿದ ಬೀಜವನ್ನೋ ಎಲೆಯನ್ನೋ ಜೊತೆಗೆ ತೆಗೆದುಕೊಂಡು ಕೂಡಲೇ ಸಮೀಪದ ಆಸ್ಪತ್ರೆಗೆ ಬನ್ನಿರಿ.