ಬಾಯೊಳಗಿನ ನರಹುಲಿ: ಮಾಡಬೇಕಾದ್ದು, ಮಾಡಬಾರದ್ದು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದವರ ಗಮನಕ್ಕೆ

ನಾಲಿಗೆ, ತುಟಿ, ಅಂಗುಳ, ಕಿರುನಾಲಿಗೆಯ ಮೇಲೆ ಹೂಕೋಸಿನಂಥ ಸಣ್ಣ ಗಂಟು ಎದ್ದು ನೋವೂ ಇಲ್ಲದಿದ್ದರೆ ಅದು ಎಚ್‌ಪಿವಿ ವೈರಾಣುವಿನ ನರಹುಲಿ ಇರಬಹುದು. ಈ ವೈರಾಣುವಿನ 6 ಮತ್ತು 11ನೇ ಬಗೆಗಳು ಎಬ್ಬಿಸುವ ಗಂಟು ಕ್ಯಾನ್ಸರಿಗೆ ತಿರುಗುವುದು ತೀರ ಅಪರೂಪ. 16ನೇ ಬಗೆ ಹಾಗಲ್ಲ. ಟಾನ್ಸಿಲ್‌ನಲ್ಲಿ, ನಾಲಿಗೆಯ ಬುಡದಲ್ಲಿ ಅಡಗಿ ಕೂತು ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ತರಬಲ್ಲದು. ಬಾಯಲ್ಲಿರುವುದು ಯಾವುದೆಂದು ಕನ್ನಡಿ ನೋಡಿ ತೀರ್ಮಾನಿಸಲಾಗದು.

ಮಾಡಬೇಕಾದ್ದು

ಎರಡು ವಾರ ದಾಟಿದರೂ ಮಾಯದ ಹುಣ್ಣು, ಗಂಟು, ಬಿಳಿ ಅಥವಾ ಕೆಂಪು ಮಚ್ಚೆ, ಕೊರಳಲ್ಲಿ ಕರಗದ ಗಡ್ಡೆ: ತೋರಿಸಲೇಬೇಕು. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಚೀಟಿ ಬರೆಸಿಕೊಂಡು ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ಗೆ ಹೋಗಿ.

ತುಣುಕು ತೆಗೆದು ಪರೀಕ್ಷೆಗೆ ಕಳಿಸೋಣ ಎಂದು ವೈದ್ಯರು ಹೇಳಿದರೆ ಒಪ್ಪಿಕೊಳ್ಳಿ. "ಕತ್ತರಿ ತಾಗಿದ್ರ ಹಬ್ಬತೈತಿ" ಎಂಬ ಮಾತು ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲೂ ಪುಕ್ಕಟೆ ಸಿಗುತ್ತದೆ. ಅದು ಸುಳ್ಳು. ಆ ಮಾತು ನಂಬಿ ಮನೆಯಲ್ಲಿ ಕೂತ ತಿಂಗಳುಗಳಲ್ಲೇ ರೋಗ ಹಬ್ಬುವುದು.

9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿ. ಅದು ಮುಂದಿನ ಸೋಂಕು ತಡೆಯುತ್ತದೆ. ಈಗಾಗಲೇ ಎದ್ದ ಗಂಟನ್ನು ಕರಗಿಸುವುದಿಲ್ಲ.

ಮಾಡಬಾರದ್ದು

ಗಂಟಿಗೆ ಕುದುರೆ ಕೂದಲು ಬಿಗಿಯಬಾರದು. ಸುಣ್ಣ ಹಚ್ಚಬಾರದು, ಊದುಬತ್ತಿಯಿಂದ ಸುಡಬಾರದು, ಬ್ಲೇಡಿನಿಂದ ಕೊಯ್ಯಬಾರದು. ಕಾಲಿನ ಆಣಿಗೆ ಹಚ್ಚುವ ಔಷಧಿ ಬಾಯಿಗೆ ಬೇಡವೇ ಬೇಡ. ಮೆಡಿಕಲ್ ಅಂಗಡಿಯ ಬಿ-ಕಾಂಪ್ಲೆಕ್ಸ್ ಗುಳಿಗೆ ನುಂಗುತ್ತ ತಿಂಗಳು ದೂಡಬಾರದು.

"ವೈರಾಣುವಿನಿಂದ ಬಂದದ್ದಲ್ಲವೆ, ಹಾಗಾದರೆ ಗುಟ್ಕಾ ಬಿಡಬೇಕಿಲ್ಲ" ಎಂಬ ಲೆಕ್ಕ ಹಾಕಬಾರದು. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರಿಗೆ ಈಗಲೂ ದೊಡ್ಡ ಕಾರಣ ತಂಬಾಕು ಮತ್ತು ಅಡಿಕೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಕೊಂಡು ಅಂಗೈಯಲ್ಲೇ ಕೂಡಿಸಿಕೊಳ್ಳುವ ಜಾಣತನ ಕಾನೂನಿಗೆ ಚಳ್ಳೆಹಣ್ಣು ತಿನ್ನಿಸಬಹುದು, ಬಾಯಿಗಲ್ಲ. ಬಿಡಲು ನೆರವು ಬೇಕಿದ್ದರೆ ಉಚಿತ ಕರೆ: 1800-11-2356.

ಮನೆಯಲ್ಲಿ ಜಗಳ ತೆಗೆಯಬಾರದು. ಬಾಯಿಗೆ ಈ ಸೋಂಕು ಹೆಚ್ಚಾಗಿ ಬಾಯಿಯ ಮೂಲಕದ ಲೈಂಗಿಕ ಸಂಪರ್ಕದಿಂದ ತಗಲುತ್ತದೆ, ನಿಜ. ಆದರೆ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಯಾರಿಂದ, ಯಾವಾಗ ಬಂತೆಂದು ಹೇಳುವ ಪರೀಕ್ಷೆಯೇ ಇಲ್ಲ. ಹೆಂಡತಿಯನ್ನು ತವರಿಗೆ ಅಟ್ಟುವುದು, ತಾಟು-ಲೋಟ ಬೇರೆ ಮಾಡಿ ಮೂಲೆಗೆ ಕೂಡಿಸುವುದು ಕೂಡದು. ಕೈಮೇಲಿನ ನರಹುಲಿ ಕಚ್ಚುವ ಮಕ್ಕಳಿಗೆ ಅದೇ ತುಟಿಗೆ ಬರುವುದೂ ಉಂಟು. ಅವರನ್ನು ಹೊಡೆಯಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು.

ತೆಗೆಸಿದ ಗಂಟು ಮತ್ತೆ ಎದ್ದರೆ ನಾಚಿ ಮುಚ್ಚಿಡಬಾರದು. ಹಳೆಯ ಚೀಟಿ, ವರದಿ ಹಿಡಿದು ಅಲ್ಲಿಗೇ ಮತ್ತೆ ಹೋಗಿ.